ಕಣ್ಣೀರು ಸುಳಿಯ ಕುದುರೆ

ನಂಗಲಿಯಲ್ಲಿ ಒಂದು ಸುತ್ತು ಸವಾರಿ ಮಾಡಿ ಇಳಿದು, “ತಗೋತೀನಿ” ಎಂದೆ. ಕುದುರೆ ಮಾರುತ್ತಿದ್ದ ಜಬೀನಾ ನಗಲಿಲ್ಲ. ಕಡಿವಾಣದ ಕುಚ್ಚು ಸರಿಸಿ, ಕುದುರೆಯ ಎಡಗಣ್ಣಿನ ಕೆಳಗೆ ಕೂದಲು ಸುತ್ತಿಕೊಂಡಿದ್ದ ಜಾಗ ತೋರಿಸಿದರು.

“ಕಣ್ಣೀರು ಸುಳಿ ಸಾರ್. ಇಟ್ಕೊಂಡ ಮನೇಲಿ ಅಳು ತಪ್ಪಲ್ಲ ಅಂತಾರೆ. ಮದುವೆ ಮೆರವಣಿಗೆಗೂ ಯಾರೂ ಕರೆಯಲ್ಲ. ಮುಚ್ಚಿಟ್ಟು ಮಾರಿದ್ರೆ ನಂಗೆ ನಿದ್ದೆ ಬರಲ್ಲ.”

ನನಗೀಗ ಐವತ್ತೆರಡು. ಕೆಲಸ ಸಿಕ್ಕಿ ಸಂಬಳ ಬರತೊಡಗಿದ ಮೇಲೆ ಆಸೆಪಟ್ಟು ಸಾಕಿದ್ದ ಕುದುರೆ ಸತ್ತಾಗಿನಿಂದ ಮಾಲೂರು, ಶ್ರೀನಿವಾಸಪುರವೆಲ್ಲ ಇನ್ನೊಂದಕ್ಕಾಗಿ ಅಲೆದಿದ್ದೆ. ಆದರೆ ಆ ಸುಳಿ ಕಂಡು ನೆನಪಾದದ್ದು ಅದಕ್ಕೂ ಹಿಂದಿನದು, ಮುಳಬಾಗಿಲಿನಲ್ಲಿ ಅಪ್ಪನ ಜಟಕಾ ಎಳೆಯುತ್ತಿದ್ದ ಕುದುರೆ.

“ನಮ್ಮಪ್ಪನ ಕುದುರೆಗೂ ಇಲ್ಲೇ ಸುಳಿ ಇತ್ತಮ್ಮ. ಯಾರೂ ಮುಟ್ಟದ್ದನ್ನ ಅಪ್ಪ ತಂದ್ರು. ಅದು ದುಡಿದಿದ್ದಕ್ಕೇ ನಾನು ಬಿ.ಎ. ಮಾಡಿದ್ದು. ನಮ್ಮ ವಂಶದಲ್ಲೇ ಮೊದಲನೆಯವನು!”

“ಹಂಗಾದ್ರೆ ಇದನ್ನ ಹತ್ತಿ ಎಂ.ಎ.ನೂ ಮಾಡ್ಬಿಡಿ ಸಾರ್,” ಎಂದು ಜಬೀನಾ ಹಗ್ಗವನ್ನು ನನ್ನ ಕೈಗಿಟ್ಟು ಜೋರಾಗಿ ನಕ್ಕರು.

ಕುದುರೆ ಈಗ ವಕ್ಕಲೇರಿಯ ನಮ್ಮ ಮನೆಯಲ್ಲಿದೆ. ಹಾಲು ಒಡೆದರೂ ಸುಳಿಯದೇ ಕೆಲಸ ಎಂಬಂತೆ ನನ್ನ ಹೆಂಡತಿ ಕುದುರೆಯ ಮುಖವನ್ನೇ ನೋಡುತ್ತಾಳೆ. ಬೆಳಿಗ್ಗೆ ನನಗೆ ಕಾಫಿ ಕೊಡುವ ಮೊದಲು ಅದಕ್ಕೆ ಹುರುಳಿ ಹಾಕುವವಳೂ ಅವಳೇ.