ಮೂರನೆಯ ಮಗ್ಗಕ್ಕೆ ಜಾಗ

ಹೋದ ತಿಂಗಳು ಸೇಲಂನಲ್ಲಿ ಒಂದು ಕಟ್ಟಡದ ಮೆಟ್ಟಿಲು ತೊಳೆಯುತ್ತಿದ್ದರು. ಬಕೆಟ್ಟಿನಿಂದ ಅಮೋನಿಯಾದ ಘಾಟು ಮೂಗಿಗೆ ಬಡಿದದ್ದೇ ತಡ, ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ತೊಂಬತ್ತರ ದಶಕದಲ್ಲಿ ಮನೆಯ ನಕ್ಷೆಗಳ ಪ್ರತಿ ತೆಗೆಯುವ ಅಂಗಡಿಗಳಲ್ಲಿ ಇದೇ ವಾಸನೆ. ಯಂತ್ರದೊಳಗಿಂದ ಹಾಳೆ ಬೆಚ್ಚಗೆ ಜಾರಿಕೊಂಡು ಬರುತ್ತಿತ್ತು, ಮೈತುಂಬ ನೀಲಿ ಗೆರೆ. ಅಂಥ ಒಂದು ಅಂಗಡಿಯ ಬಾಗಿಲಲ್ಲಿ ನನ್ನ ಮೊದಲ ನಕ್ಷೆಯನ್ನು ಬೆಳಕಿಗೆ ಹಿಡಿದು ನಿಂತಿದ್ದ, ನನಗೆ ಪಾಠ ಹೇಳಿದ ಅಕ್ಕ ನೆನಪಾದರು...

ನಮ್ಮದು ಸೇಲಂನ ನೇಕಾರರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಐಟಿಐಯಲ್ಲಿ ಡ್ರಾಫ್ಟಿಂಗ್ ಓದಿ ಮುಗಿಸಿದ್ದ ನಾನು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿತರೆ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿದ್ದೆ. ಎರಡು ಕಂಪ್ಯೂಟರ್, ಹನ್ನೆರಡು ಮಂದಿ. ಚಪ್ಪಲಿ ಹೊರಗೆ. ಕಲಿಸುತ್ತಿದ್ದವರೇ ಈ ಅಕ್ಕ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಪಾಪಿರೆಡ್ಡಿಪಟ್ಟಿ ಕಡೆಯ ಒಕ್ಕಲು ಮನೆತನದವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ದಪ್ಪ ಕನ್ನಡಕ, ತಗ್ಗಿದ ದನಿ. ನೋಡಿದರೆ ಹತ್ತು ವರ್ಷದಿಂದ ಪಾಠ ಹೇಳುತ್ತಿರುವವರ ಹಾಗಿದ್ದರು.

ಮೊದಲ ದಿನ ಗೆರೆ ಎಳೆಯಲು ಹೇಳಿದರು. ಉದ್ದಕ್ಕೆ ಹತ್ತು ಅಂತ ಒತ್ತಿದೆ, ಗೆರೆ ಬಂತು. ಹತ್ತು ಸಾವಿರ ಅಂತ ಒತ್ತಿದೆ, ಗೆರೆ ಪರದೆಯ ಅಂಚಿನಾಚೆ ಓಡಿಹೋಗಿ ಅದರ ಕೊನೆಯೇ ಕಾಣದಾಯಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಮನೆಮಾತು. ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, ನಿಮ್ಮನೇಲೂ ಕನ್ನಡವಾ ಅಂದರು. ಆಮೇಲೆ ಕೀಲಿಮಣೆಯ ಮೇಲೆ ಎರಡು ಅಕ್ಷರ ಒತ್ತಿದರು. ಇಡೀ ಗೆರೆ ಪರದೆಯೊಳಗೆ ಬಂದು ಕೂತಿತು.

"ಅದು ಎಲ್ಲೂ ಓಗಿಲ್ಲ ಕಣಮ್ಮಾ. ನೀನು ತೀರಾ ಅತ್ರ ನಿಂತಿದ್ದೆ, ಈಗ ದೂರ ಬಂದೆ. ಇದೇ ಝೂಮು."

ಹತ್ತು ಅಂದರೆ ಹತ್ತು ಏನು ಎಂದು ಕೇಳಿದೆ. ಅಡಿಯೋ, ಮೀಟರೋ?

"ಅದ್ಕೇನ್ ಗೊತ್ತು? ನೀ ಅಡಿ ಅಂದ್ಕೊಂಡ್ರೆ ಅಡಿ, ಮಿಲಿಮೀಟರ್ ಅಂದ್ಕೊಂಡ್ರೆ ಮಿಲಿಮೀಟರ್. ಅಂದ್ಕೊಂಡಿದ್ನ ನೀ ಮರೀಬಾರ್ದು, ಅಷ್ಟೇ."

ಕಾಗದದ ಮೇಲೆ ನಾವು ಎಲ್ಲವನ್ನೂ ಐವತ್ತರಿಂದಲೋ ನೂರರಿಂದಲೋ ಭಾಗಿಸಿ ಕುಗ್ಗಿಸಿ ಬರೆದವರು. ಇಲ್ಲಿ ಹತ್ತು ಮೀಟರ್ ಗೋಡೆಯನ್ನು ಹತ್ತು ಮೀಟರ್ ಆಗಿಯೇ ಬರೆಯಬಹುದು, ಕುಗ್ಗಿಸುವುದೆಲ್ಲ ಹಾಳೆಗೆ ಇಳಿಸುವಾಗ ಮಾತ್ರ! ಅದು ತಿಳಿದ ದಿನ ಖುಷಿಗೆ ನನಗೆ ಅನ್ನ ಸೇರಲಿಲ್ಲ. ಮಾರನೆಯ ದಿನ ನಮ್ಮ ಬೀದಿಯನ್ನೇ ಇಡಿಯಾಗಿ ಬರೆದೆ. ದೂರದಿಂದ ನೋಡಿದರೆ ಬೀದಿ ಒಂದು ಕಡ್ಡಿ. ಹತ್ತಿರ, ಇನ್ನೂ ಹತ್ತಿರ ಹೋದರೆ ನಮ್ಮ ಮನೆಯ ಬಾಗಿಲು, ಬಾಗಿಲಿಗೆ ಚಿಲಕ, ಚಿಲಕಕ್ಕೆ ತೂತು. ಪಕ್ಕದ ಹುಡುಗಿಯರನ್ನೆಲ್ಲ ಕರೆದು ತೋರಿಸಿದೆ. ಅಕ್ಕನೂ ಬಂದು ನೋಡಿ ನಕ್ಕರು.

ಆಗಲೇ ಮನೆಯಲ್ಲಿ ಮಗ್ಗದ ಶೆಡ್ಡಿನ ಮಾತು ನಡೆಯುತ್ತಿತ್ತು. ಅಪ್ಪನಿಗೊಂದು, ಚಿಕ್ಕಪ್ಪನಿಗೊಂದು ಗುಂಡಿಮಗ್ಗ ಇದ್ದವು. ಮೂರನೆಯದು ಅಮ್ಮನಿಗೆ ಆಗಬೇಕಿತ್ತು. ಅಮ್ಮ ಮದುವೆಯಾದಾಗಿನಿಂದ ಬೇರೆಯವರ ಮನೆಯ ಮಗ್ಗದಲ್ಲಿ ಕೂತು ನೇಯ್ದವಳು. ಇರುವ ಜಾಗದಲ್ಲಿ ಒಳಗೆ ಹದಿನಾರಡಿ ಉದ್ದ, ಹದಿನಾಲ್ಕಡಿ ಅಗಲದ ಶೆಡ್ಡು ಏಳಬಹುದು, ಅದರಲ್ಲಿ ಎರಡೇ ಮಗ್ಗ ಅಂದುಬಿಟ್ಟಿದ್ದ ಮೇಸ್ತ್ರಿ. ಅಮ್ಮ ಎಂದಿನಂತೆ ಬೇರೆಯವರ ಮಗ್ಗಕ್ಕೆ ಹೊರಟಳು. ಅದನ್ನು ನೋಡಲಾಗದೆ, ನಾನು ನಕ್ಷೆ ಬರೆದು ತರುತ್ತೇನೆ, ಅಲ್ಲಿಯವರೆಗೆ ಪಾಯ ತೋಡಬೇಡಿ ಎಂದೆ.

ಶೆಡ್ಡನ್ನು ಕ್ಲಾಸಿನಲ್ಲಿ ಕಲಿಸಿದಂತೆ ಮಿಲಿಮೀಟರಿನಲ್ಲಿ ಬರೆದೆ. ಮಗ್ಗವನ್ನು ಅಮ್ಮ ಟೇಪು ಹಿಡಿದು ಅಳೆದುಕೊಟ್ಟಿದ್ದಳು, ಅಗಲ ಅರವತ್ತು ಇಂಚು, ಉದ್ದ ಎಂಬತ್ತನಾಲ್ಕು. ಅದನ್ನು ಬೇರೆಯಾಗಿ ಹಾಗೆಯೇ ಬರೆದು ತಂದು ಶೆಡ್ಡಿನೊಳಗಿಟ್ಟರೆ ಕಡ್ಡಿಪೆಟ್ಟಿಗೆಯಷ್ಟೂ ಕಾಣಲಿಲ್ಲ. ಅರವತ್ತು ಇಂಚು ಅಲ್ಲಿ ಅರವತ್ತು ಮಿಲಿಮೀಟರ್ ಆಗಿಹೋಗಿತ್ತು. ನನಗೆ ಅದು ಹೊಳೆಯಲೇ ಇಲ್ಲ. ಸ್ಕೇಲ್ ಎಂಬ ಕಮಾಂಡ್ ಕೊಟ್ಟು ಕಣ್ಣಿಗೆ ಸರಿಯೆನಿಸುವವರೆಗೆ ಹಿಗ್ಗಿಸಿದೆ. ಇಪ್ಪತ್ತು ಪಟ್ಟಾದಾಗ ಚೆಂದ ಕಂಡಿತು. ಸಾಲಾಗಿ ಮೂರು ಮಗ್ಗ ಜೋಡಿಸಿದೆ, ನಡುವೆ ಓಡಾಡಲೂ ಜಾಗ! ಕುಣಿಯುವುದೊಂದು ಬಾಕಿ.

ಪ್ರತಿ ತೆಗೆಸಲು ಅಂಗಡಿಗೆ ಹೋದಾಗ ಅಕ್ಕನೂ ಬಸ್ಸಿಗೆ ಹೊರಟವರು ಜೊತೆಗೆ ಬಂದರು. ಹಾಳೆ ಕೈಗೆ ಬಂತು. ಅಕ್ಕ ಚೀಲದಿಂದ ನಕ್ಷೆ ಅಳೆಯುವ ಮೂರು ಮುಖದ ಸ್ಕೇಲುಪಟ್ಟಿ ತೆಗೆದು ಮಗ್ಗದ ಮೇಲಿಟ್ಟರು. ಇನ್ನೊಮ್ಮೆ ಇಟ್ಟರು.

"ಇದು ನಾಕಡಿ ಐತೆ. ನಿಮ್ಮಮ್ಮ ನಾಕಡಿ ಮಗ್ಗದಲ್ಲಿ ನೇಯ್ತಾರಾ?"

ಕಣ್ಣಿಗೆ ಸರಿ ಕಾಣುವಷ್ಟು ಹಿಗ್ಗಿಸಿದೆ ಎಂದೆ. ದೊಡ್ಡದಾಗಿ ಕಾಣಿಸುವುದು ಬೇರೆ, ದೊಡ್ಡದು ಮಾಡುವುದು ಬೇರೆ ಎಂದು ಅವರು ಮೆಲ್ಲಗೆ ಬಿಡಿಸಿ ಹೇಳಿದರು. ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದರೆ ಅದು ಹನ್ನೆರಡು ಮೊಳ ಹೋಗಿ ಹದಿನಾಲ್ಕು ಮೊಳ ಆಗುತ್ತದೆಯೇ? ಝೂಮ್ ಎಂದರೆ ಕಣ್ಣು, ಸ್ಕೇಲ್ ಎಂದರೆ ಕತ್ತರಿ. ಇಂಚನ್ನು ಮಿಲಿಮೀಟರಿಗೆ ತರಲು ಇಪ್ಪತ್ತೈದೂವರೆಗೆ ಒಂಚೂರು ಕಡಿಮೆ ಪಟ್ಟು, ಅದು ಲೆಕ್ಕ. ಅದನ್ನು ಕಣ್ಣಳತೆಗೆ ಬಿಡಬಾರದು. ಬೈಯಲಿಲ್ಲ. ಐದು ಗಂಟೆಯ ಬಸ್ಸು ಬಿಟ್ಟು ನನ್ನ ಜೊತೆ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಗಂಜಿ ಸೀರೆಯಲ್ಲೇ ಅಪ್ಪನ ಮಗ್ಗದ ಗುಂಡಿಗೆ ಇಳಿದು ಕೂತರು. ಲಾಳಿ ಎಸೆಯುವಾಗ ಮೊಣಕೈ ಎಲ್ಲಿಯವರೆಗೆ ಬರುತ್ತದೆ ಎಂದು ಅಮ್ಮನನ್ನು ಕೇಳಿ ಕೇಳಿ ಅಳೆದುಕೊಂಡರು. ಟೀಚರಮ್ಮನಿಗೆ ಧೂಳಾಗುತ್ತದೆ ಎಂದು ಅಮ್ಮ ಸಂಕೋಚದಿಂದ ಕುಗ್ಗಿಹೋದಳು.

ಮರುದಿನ ಸರಿಯಾದ ಲೆಕ್ಕದಲ್ಲಿ ಮಗ್ಗ ಹಿಗ್ಗಿತು. ಮೂರನ್ನು ಸಾಲಾಗಿ ಇಟ್ಟರೆ ಹದಿನೈದಡಿ, ಉಳಿದದ್ದು ಒಂದೇ ಅಡಿ. ಮೇಸ್ತ್ರಿಯ ಮಾತೇ ನಿಜವಾಯಿತು. ನಾನು ಎರಡು ಮಗ್ಗಗಳ ನಡುವಿನ ಸಂದಿಯನ್ನೇ ದೊಡ್ಡದು ಮಾಡಿಕೊಂಡು ದಿಟ್ಟಿಸುತ್ತಾ ಕೂತಿದ್ದೆ. ಅಕ್ಕ ಹಿಂದಿನಿಂದ ಬಂದು, "ಆಚೆ ಬಾ, ಪೂರ್ತಿ ನೋಡು," ಎಂದಷ್ಟೇ ಹೇಳಿ ಬೇರೆಯವರ ಬಳಿ ಹೋದರು.

ಆಚೆ ಬಂದೆ. ಇಡೀ ಶೆಡ್ಡು ಕಂಡಿತು. ಎರಡು ಮಗ್ಗಗಳ ಹಿಂದೆ ಏಳಡಿ ಸುಮ್ಮನೆ ಬಿದ್ದಿತ್ತು! ಮೂರನೆಯದನ್ನು ಅಡ್ಡಲಾಗಿ ತಿರುಗಿಸಿ ಅಲ್ಲಿಟ್ಟೆ. ಐದಡಿ ಮಗ್ಗಕ್ಕೆ, ಎರಡಡಿ ಓಡಾಟಕ್ಕೆ. ಅಡ್ಡ ಬರುತ್ತಿದ್ದ ಬಾಗಿಲನ್ನು ಪಕ್ಕದ ಗೋಡೆಗೆ ಸರಿಸಿದೆ. ಕೂಗಿದೆನೋ ಏನೋ, ಎಲ್ಲರೂ ತಿರುಗಿ ನೋಡಿದರು. ಅಕ್ಕ ಒಂದೊಂದೇ ಅಳತೆಯನ್ನು ಎರಡೆರಡು ಸಲ ಪರೀಕ್ಷಿಸಿದರು. ಸರಿ ಎನ್ನಲಿಲ್ಲ, ಅಮ್ಮನ ಮಗ್ಗಕ್ಕೆ ಬೆಳಕು ಎಲ್ಲಿಂದ ಎಂದು ಕೇಳಿದರು. ಕಿಟಕಿ ಬರೆದೆ.

ಮೇಸ್ತ್ರಿ ನಕ್ಷೆಯನ್ನು ತಲೆಕೆಳಗು ಮಾಡಿಯೂ ನೋಡಿದ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿದಾಗ ಅಮ್ಮ ಹೋಗಿ ತನ್ನ ಮಗ್ಗದ ಚೌಕದೊಳಗೆ ಒಂದು ಗಳಿಗೆ ನಿಂತು ಬಂದಳು. ಆ ಮಗ್ಗದಲ್ಲಿ ಅವಳು ಹದಿನೆಂಟು ವರ್ಷ ನೇಯ್ದಳು.

ಆ ಸೆಂಟರ್ ಎರಡೇ ವರ್ಷಕ್ಕೆ ಮುಚ್ಚಿತು. ಅಕ್ಕ ಎಲ್ಲಿಗೆ ಹೋದರೋ... ನನಗೂ ಕೆಲಸ, ಮದುವೆ, ಮಕ್ಕಳು. ಹೋಗಿ ನೋಡಬೇಕು, ನೋಡಬೇಕು ಎನ್ನುತ್ತಲೇ ಇಷ್ಟು ವರ್ಷ ಕಳೆದೆ. ಮೆಟ್ಟಿಲು ತೊಳೆದ ನೀರು ದಾಟಿಕೊಂಡು ನಡೆದ ಮಾರನೆಯ ವಾರ ಪಾಪಿರೆಡ್ಡಿಪಟ್ಟಿಯ ಬಸ್ಸು ಹತ್ತಿದೆ. ಕೇಳಿಕೊಂಡು ಹೋದರೆ ಮನೆ ಸಿಕ್ಕಿತು, ಅಕ್ಕ ಇರಲಿಲ್ಲ. ಕಾಯಿಲೆಯಾಗಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ಅವರ ತಮ್ಮ ನನಗೆ ಮಜ್ಜಿಗೆ ಕೊಡಿಸಿ ಎದುರಿಗೆ ಕೂತರು. ಅಕ್ಕ ಅದೆಷ್ಟು ವರ್ಷ ಪಾಠ ಹೇಳಿ ಪಳಗಿದವರೋ ಅಂದೆ. ಅವರು ತಲೆಯಾಡಿಸಿದರು.

"ಇಲ್ಲಕ್ಕ, ಅದೇ ಮೊದಲ್ನೇ ಕೆಲ್ಸ. ಆಗ ಅವಳ್ಗೆ ಇಪ್ಪತ್ತು ತುಂಬಿತ್ತು ಅಷ್ಟೇ. ಸೇರೋಕೆ ಒಂದ್ ತಿಂಗ್ಳು ಮುಂಚೆ ತಾನೇ ಕಂಪ್ಯೂಟರ್ ಮುಟ್ಟಿದ್ದು. ಬಸ್ಸಲ್ಲಿ ಓದ್ಕೊಂಡು ಬಂದು ನಿಮ್ಗೆ ಯೋಳ್ಕೊಡ್ತಿದ್ಲು."

ಇಪ್ಪತ್ತು. ನನಗಾಗ ಹತ್ತೊಂಬತ್ತು. ಗೋಡೆಯ ಮೇಲಿನ ಹಳೆಯ ಫೋಟೋದಲ್ಲಿ ಅದೇ ದಪ್ಪ ಕನ್ನಡಕ, ಅದರ ಹಿಂದೆ ಎಳೆಯ ಮುಖ. ಮಜ್ಜಿಗೆಯ ಲೋಟ ಕೆಳಗಿಟ್ಟು ಬಹಳ ಹೊತ್ತು ನೋಡಿದೆ.