ಉಜ್ಜಿದ ಕಲ್ಲು

ನಮ್ಮ ಹೊಲದ ಮೂಲೆಯಲ್ಲೊಂದು ವೀರಗಲ್ಲಿತ್ತು. ಈಗ ಆ ಜಾಗದ ಮೇಲೆ ಜೆ.ಪಿ. ನಗರದ ಯಾವುದೋ ಅಡ್ಡರಸ್ತೆ ಹಾದುಹೋಗುತ್ತದೆ. ಬಿಲ್ಲು ಹಿಡಿದ ಒಬ್ಬ ಗಂಡಸು, ಅವನ ಕಾಲ ಬಳಿ ಹಸುಗಳು, ನಡುನಡುವೆ ಮೂರು ಸಾಲು ಹಳೆಯ ಅಕ್ಷರ. ದನ ಕದಿಯಲು ಬಂದವರೊಡನೆ ಹೋರಾಡಿ ಸತ್ತ ಆತನೇ ನಮ್ಮ ವಂಶದ ಮೂಲಪುರುಷ ಎಂದು ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದರು. ಆ ಅಕ್ಷರಗಳನ್ನು ಓದಲು ಮಾತ್ರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಪ್ರತಿ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಆ ಕಲ್ಲು ತೊಳೆಯುವುದು ಮನೆಯ ಹೆಂಗಸರ ಕೆಲಸ. ವಂಶ ಗಂಡಸರದು, ಉಜ್ಜುವುದಕ್ಕೆ ನಾವು! ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಮದುವೆಯಾಗಿ ಬಂದ ವರ್ಷ ತನ್ನ ಅತ್ತೆಯಿಂದ ಕಲಿತದ್ದನ್ನೇ ನನಗೂ ಕಲಿಸಿದ್ದಳು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಹಿಂದಿನ ವರ್ಷದ ಎಣ್ಣೆ ಜಿಡ್ಡು ಚೂರೂ ಉಳಿಯಬಾರದು. "ಗಟ್ಟಿಯಾಗಿ ಉಜ್ಜೇ, ಹಿರೀಕರ ಮುಖ ಅದು," ಎನ್ನುತ್ತಿದ್ದಳು. ನನ್ನ ಬೆರಳ ತುದಿಗಳು ಸುಲಿದು ಉರಿಯುತ್ತಿದ್ದವು. ಗಂಡಸರು ಎಡೆ ಇಡುವ ಹೊತ್ತಿಗೆ ಬಿಳಿ ಪಂಚೆ ಉಟ್ಟು ಬರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಬಡಾವಣೆಗೆಂದು ಹೊಲ ಹೋಯಿತು. ಅಪ್ಪ ಹೊಲಕ್ಕಾಗಿ ಅಳಲಿಲ್ಲ, ಆ ಮೂಲೆಗಾಗಿ ಅತ್ತರು. ಕಲ್ಲಿನ ಪಕ್ಕದಲ್ಲೇ ತಾತನನ್ನು ಮಣ್ಣು ಮಾಡಿದ್ದೆವು. ಅಳತೆಗೆ ಬಂದಿದ್ದ ಎಂಜಿನಿಯರಿಗೆ ಕನಿಕರ ಬಂತು. "ಇದು ನಿಮ್ಮ ಹಿರೀಕರ ಕಲ್ಲೇ ಅಂತ ತಿಳಿದೋರು ಯಾರಾದ್ರೂ ಓದಿ ಬರ್ಕೊಟ್ರೆ, ಇಷ್ಟು ಜಾಗ ಬಿಡೋಕೆ ಮೇಲಿನೋರನ್ನ ಕೇಳ್ತೀನಿ," ಎಂದರು.

ಅಪ್ಪ ಜಯನಗರದಿಂದ ಇತಿಹಾಸದ ಮೇಷ್ಟ್ರೊಬ್ಬರನ್ನು ಕರೆತಂದರು. ಅವರು ಹಳೆಯ ಶಾಸನ ಸಂಪುಟಗಳನ್ನು ತಿರುವಿಹಾಕಿಯೇ ಬಂದಿದ್ದರು. ಹತ್ತಿರದ ಬೇಗೂರಿನ ಕಲ್ಲುಗಳ ಬರಹ ಅವುಗಳಲ್ಲಿತ್ತಂತೆ, ನಮ್ಮ ಕಲ್ಲಿನದು ಇರಲಿಲ್ಲ. ಕಲ್ಲಿಗೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ ಕೂರಿಸಿ, ಮೇಲೆ ಮಸಿ ಒತ್ತಿದರು. ಕೆತ್ತಿದ ಕಡೆ ಮಸಿ ತಾಗದೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೇಲಿನ ಸಾಲು ಬೆಳ್ಳಗೆ ಮೂಡಿತು, ಕೆಳಗಿನದೂ ಮೂಡಿತು. ನಡುವಿನ ಸಾಲು ಬರೀ ಕಪ್ಪು.

"ದನ ಬಿಡಿಸಿ ಸತ್ತ ಅಂತಿದೆ. ಯಾರು, ಯಾರ ಮಗ ಅನ್ನೋದು ಈ ನಡುವಿನ ಸಾಲಲ್ಲಿತ್ತು ಗೌಡ್ರೇ. ಸವೆದುಹೋಗಿದೆ," ಎಂದರು ಮೇಷ್ಟ್ರು. ಬೆರಳಾಡಿಸಿ ನೋಡಿ, "ಮಳೆಗೆ ಹೀಗೆ ಸವೆಯಲ್ಲ. ಯಾರಾದ್ರೂ ಇದನ್ನ ಉಜ್ತಿದ್ರಾ?" ಎಂದು ಕೇಳಿದರು.

ಕುಳಿತು ಉಜ್ಜುವವಳ ಕೈಗೆ ನೇರವಾಗಿ ಸಿಗುವುದು ಆ ಸಾಲೇ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡೆ. ಅಜ್ಜಿ ಮಾತ್ರ ಅವರು ಹೊಗಳಿದರೆಂದೇ ತಿಳಿದು, ಸೆರಗು ಸರಿಮಾಡಿಕೊಂಡು, "ಒಂದು ವರ್ಷಾನೂ ತಪ್ಪಿಸಿಲ್ಲ ಸ್ವಾಮಿ," ಎಂದಳು.

"ನಿನ್ನ ಕೈಯಾರೆ ಅಳಿಸಿಬಿಟ್ಟೆಯಲ್ಲವ್ವ! ಮನೆತನಾನೇ ಅಳಿಸಿಬಿಟ್ಟೆ!" ಎಂದು ಅಪ್ಪ ಕೂಗಿದರು.

ಮೇಷ್ಟ್ರು ಕಾಗದ ಸುತ್ತಿಕೊಂಡರು. "ನಿಮ್ಮೋರೇ ಇರಬಹುದು, ಇಲ್ದೇನೂ ಇರಬಹುದು. ಹೆಸರಿಲ್ದೆ ನಾನು ಹೇಗೆ ಬರ್ಕೊಡ್ಲಿ?"

ಕಲ್ಲು ಲಾರಿ ಹತ್ತಿ ಹೋಯಿತು. ಎಲ್ಲಿಗೆಂದು ಯಾರೂ ಹೇಳಲಿಲ್ಲ. ತಾತನ ಮಣ್ಣಿನ ಮೇಲೆ ಜಲ್ಲಿ ಬಿತ್ತು. ಅಂದಿನಿಂದ ಅಪ್ಪ ಅಜ್ಜಿಯೊಡನೆ ಮಾತು ಬಿಟ್ಟರು. ಅಜ್ಜಿ ಒಂದು ಹಿತ್ತಾಳೆ ಚೊಂಬನ್ನೂ ಮತ್ತೆ ಉಜ್ಜಲಿಲ್ಲ. ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದಳು. ಅವಳಿಗೆ ಆ ಕೆಲಸ ಒಪ್ಪಿಸಿದವರು ಯಾರು ಎಂದು ಅಪ್ಪನನ್ನು ಕೇಳಬೇಕೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪನನ್ನು ಹಾಗೆಲ್ಲ ಕೇಳುವಂತಿರಲಿಲ್ಲ.

ಕೆಲವು ವರ್ಷಗಳ ನಂತರ ಅಜ್ಜಿ ತೀರಿಕೊಂಡಳು. ಸಮಾಧಿಗೆ ಅಪ್ಪ ಕಪ್ಪು ಕಲ್ಲು ತರಿಸಿ, ಕೆತ್ತುವವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ಆಳಕ್ಕೆ ಹೊಡಿಯಪ್ಪ," ಎಂದರು.

"ಇಷ್ಟು ಸಾಕಲ್ವಾ ಸಾರ್?"

"ಇನ್ನೂ ಆಳಕ್ಕೆ. ಯಾರು ಎಷ್ಟು ಉಜ್ಜಿದ್ರೂ ಹೋಗಬಾರ್ದು ನಮ್ಮವ್ವನ ಹೆಸರು."

ಅವಳು ಬದುಕಿದ್ದಾಗ ಒಂದು ಮಾತೂ ಆಡದ ಮನುಷ್ಯ! ಆಮೇಲೆ ಪ್ರತಿ ಅಮಾವಾಸ್ಯೆಗೆ ಆ ಕಲ್ಲಿಗೆ ತಾವೇ ಒಂದು ಕೊಡ ನೀರು ಹಾಕುತ್ತಿದ್ದರು. ಕೈ ಮಾತ್ರ ಸೋಕಿಸುತ್ತಿರಲಿಲ್ಲ.