ಕಲ್ಲಿಗೆ ಮುಳ್ಳು ಹಾಕಲು ಕಲಿತವಳು

ಸೇನೆಯಿಂದ ನಿವೃತ್ತರಾದ ಮೇಲೆ ನನ್ನ ಗಂಡ ಕೊಡಗಿಗೆ ಹಿಂದಿರುಗುವ ಮಾತನ್ನು ವರ್ಷಕ್ಕೊಮ್ಮೆ ಎತ್ತುತ್ತಿದ್ದರು, ವರ್ಷಕ್ಕೊಮ್ಮೆ ಅವರೇ ಮುಂದಕ್ಕೆ ಹಾಕುತ್ತಿದ್ದರು. ಮಗಳ ಓದು ದೆಹಲಿಯಲ್ಲೇ ನಡೆಯುತ್ತಿತ್ತು. ಹಾಗಾಗಿ ಮಯೂರ್ ವಿಹಾರದ ಫ್ಲಾಟಿನಲ್ಲಿ ಉಳಿದೆವು. ಮನೆಯಲ್ಲಿ ಕೂತು ಬೇಸರವಾಗಿ ನಾನು ಹಳ್ಳಿಗಳಲ್ಲಿ ಉದ್ಯೋಗ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಗೆ ಸೇರಿಕೊಂಡೆ. ಕಚೇರಿ ಲೋಧಿ ಕಾಲೋನಿಯ ಹತ್ತಿರ. ಕೆಲಸ ಮಾತ್ರ ಗಾಜಿಯಾಬಾದ್ ದಾಟಿ, ಹಾಪುಡ್ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ. ವಾರಕ್ಕೆ ಎರಡು ದಿನ ಹೋಗಿ ಬರಬೇಕಿತ್ತು.

ನನಗೆ ಒಪ್ಪಿಸಿದ್ದು ಹೆಂಗಸರಿಗೆ ಮೇಣದಬತ್ತಿ ಮಾಡಲು ಕಲಿಸುವ ಕೆಲಸ. ಗುಲಾಬಿ ಆಕಾರದವು, ಕಮಲದ ಆಕಾರದವು, ವಾಸನೆ ಬರುವವು. ಹಳ್ಳಿಯ ಹೆಂಗಸರು ಶ್ರದ್ಧೆಯಿಂದಲೇ ಕಲಿತರು. ಆದರೆ ಜೂನ್ ತಿಂಗಳ ಬಿಸಿಲಿಗೆ ಪೆಟ್ಟಿಗೆಯೊಳಗಿದ್ದ ಕಮಲಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದವು. ಅದನ್ನು ನೋಡಿ ಒಬ್ಬಳು, "ದೀದಿ, ಇದನ್ನು ಯಾರು ಕೊಳ್ಳುತ್ತಾರೆ? ಕರೆಂಟು ಹೋದರೆ ನಾವು ಮೊಬೈಲ್ ಟಾರ್ಚ್ ಹಾಕ್ಕೋತೀವಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಮ್ಮ ತರಬೇತಿ ನಡೆಯುತ್ತಿದ್ದ ಜಗುಲಿಯ ಎದುರಿಗೇ ಒಂದು ಹಿಟ್ಟಿನ ಗಿರಣಿಯಿತ್ತು. ಊರಿನವರು ಅದನ್ನು ಚಕ್ಕಿ ಎನ್ನುತ್ತಿದ್ದರು. ಅದನ್ನು ನಡೆಸುತ್ತಿದ್ದವಳು ನಲವತ್ತು ದಾಟಿದ ಒಬ್ಬ ಹೆಂಗಸು. ಗಿರಣಿ ಹಾಕಿದವನು ಅವಳ ಮಾವ. ಅವನಿಗೆ ಮಂಡಿನೋವು ಬಂದ ಮೇಲೆ ಅವಳೇ ನಿಂತಳು. ಗಂಡ ನೋಯ್ಡಾದ ಒಂದು ಕಾರ್ಖಾನೆಯಲ್ಲಿ ಕಾವಲುಗಾರ, ವಾರದ ರಜೆಗೆ ಮಾತ್ರ ಊರಿಗೆ ಬರುತ್ತಿದ್ದ. ಸೆರಗನ್ನು ತಲೆಗೂ ಮೂಗಿಗೂ ಸುತ್ತಿಕೊಂಡು, ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಅವಳು ಗೋಧಿ ಸುರಿಯುವುದನ್ನು ನಾನು ಹೋದಾಗಲೆಲ್ಲ ನೋಡುತ್ತಿದ್ದೆ. ಮಾತಾಡಿರಲಿಲ್ಲ.

ಚಳಿಗಾಲ ಶುರುವಾದ ಮೇಲೆ ಒಂದು ದಿನ ಮನೆಗೆ ಐದು ಕಿಲೋ ಹಿಟ್ಟು ಒಯ್ಯೋಣವೆಂದು ಗಿರಣಿಗೆ ಹೋದೆ. ಅವಳು ನನ್ನ ಚೀಲ ನೋಡಿದಳು, ನನ್ನನ್ನು ನೋಡಿದಳು.

"ಬೇಡ ದೀದಿ. ಇಲ್ಲಿಂದ ತಗೊಂಡು ಹೋಗಬೇಡಿ."

"ಯಾಕಮ್ಮಾ?"

ಅವಳು ನನ್ನ ಕೈ ಹಿಡಿದು ಹಿಟ್ಟು ಬೀಳುವ ಬಾಯಿಯ ಕೆಳಗೆ ಒಡ್ಡಿದಳು. ಹಿಟ್ಟು ಸುಡುತ್ತಿತ್ತು.

"ಕಲ್ಲು ನುಣ್ಣಗಾಗಿದೆ. ಗೋಧಿಯನ್ನು ಬೀಸುತ್ತಿಲ್ಲ, ಹುರಿಯುತ್ತಿದೆ. ಈ ಹಿಟ್ಟಿನ ರೊಟ್ಟಿ ಆರಿದರೆ ಚಪ್ಪಲಿಯ ಹಾಗಾಗುತ್ತೆ. ಇಲ್ಲಿಗೆ ಬರುವವರಿಗೆ ಬೇರೆ ದಾರಿಯಿಲ್ಲ, ಒಯ್ಯುತ್ತಾರೆ. ನೀವು ಯಾಕೆ ಒಯ್ಯಬೇಕು?"

ತನ್ನ ಸರಕನ್ನು ತಾನೇ ಬೇಡವೆನ್ನುವ ಅಂಗಡಿಯವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಲ್ಲೇ ಗೋಧಿ ಮೂಟೆಯ ಮೇಲೆ ಕೂತೆ. ಅವಳು ಮೋಟಾರು ನಿಲ್ಲಿಸಿ ಹೇಳಿದಳು. ಗಿರಣಿಯ ಎರಡು ಕಲ್ಲುಗಳಿಗೆ ಆಗಾಗ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆಯಬೇಕು, ನಮ್ಮ ಕಡೆ ಮುಳ್ಳು ಹಾಕುವುದು ಎನ್ನುತ್ತೇವಲ್ಲ, ಅದು. ಆ ಕೆಲಸಕ್ಕೆ ಒಬ್ಬ ಮುದುಕ ಸೈಕಲ್ಲಿನಲ್ಲಿ ಬರುತ್ತಿದ್ದ. ಸುತ್ತಲಿನ ಹಳ್ಳಿಗಳಿಗೆಲ್ಲ ಅವನೊಬ್ಬನೇ. ಹೋದ ದೀಪಾವಳಿಯಿಂದ ಅವನು ಬಂದಿಲ್ಲ, ಫೋನೂ ಹತ್ತುವುದಿಲ್ಲ. ಪಟ್ಟಣದ ಅಂಗಡಿಯವರನ್ನು ಕೇಳಿದರೆ ಹೊಸ ಕಲ್ಲು ಕೊಳ್ಳಿ ಎನ್ನುತ್ತಾರೆ. ಜನ ಒಬ್ಬೊಬ್ಬರಾಗಿ ಗೋಧಿಯನ್ನು ಪಟ್ಟಣಕ್ಕೇ ಒಯ್ಯತೊಡಗಿದ್ದಾರೆ. ಮೋಟಾರ್ ಬೈಕ್ ಇಲ್ಲದ ಮುದುಕಿಯರು ಮಾತ್ರ ಇಲ್ಲಿಗೆ ಬರುತ್ತಾರೆ.

"ಹೋಳಿ ಮುಗಿಯಲಿ, ಮುಚ್ಚಿಬಿಡೋಣ ಅಂತ ಮಾವ ಹೇಳ್ತಾರೆ. ನಮ್ಮವರ ಪೈಕಿ ಒಬ್ಬ ಈ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕ್ತಾನಂತೆ."

ನಮ್ಮೂರಿನಲ್ಲಿ ನಾನು ಚಿಕ್ಕವಳಿದ್ದಾಗ ಒರಳಿಗೆ, ಬೀಸುಕಲ್ಲಿಗೆ ಮುಳ್ಳು ಹಾಕುವವರು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದರು. ಅವ್ವ ಅವರನ್ನು ಹಿತ್ತಿಲಿಗೆ ಕರೆದು ಕೂರಿಸಿ, ಮೊದಲು ನೀರು ಬೆಲ್ಲ ಕೊಡುತ್ತಿದ್ದಳು. ಅವರು ಯಾವಾಗ ಬರುವುದನ್ನು ನಿಲ್ಲಿಸಿದರೆಂದು ನಮಗೆ ಗೊತ್ತೇ ಆಗಲಿಲ್ಲ. ಮಿಕ್ಸಿ ಬಂದಿತ್ತು, ಗಮನಿಸಲಿಲ್ಲ.

ಮರುದಿನ ಕಚೇರಿಯಲ್ಲಿ ಮೇಲಿನವರಿಗೆ ವಿಷಯ ತಿಳಿಸಿದೆ. ಅವರು ಕೆಟ್ಟವರಲ್ಲ, ನಿಯಮದವರು. "ನಮ್ಮ ಯೋಜನೆ ಹೊಸ ಉದ್ಯೋಗಗಳಿಗೆ. ಇರುವ ಅಂಗಡಿಗೆ ಸಹಾಯ ಅಂತ ಬರೆಯೋಕೆ ಫಾರ್ಮಿನಲ್ಲಿ ಜಾಗವೇ ಇಲ್ಲವಲ್ಲ" ಎಂದರು. ಹಾಗಾದರೆ ಹೊಸದಾಗಿ ಕಾಣುವ ಹಾಗೆ ಏನಾದರೂ ಮಾಡೋಣವೆಂದು ನಾನೇ ಒಂದು ಉಪಾಯ ಹೂಡಿದೆ. ಕಲ್ಲಿನಲ್ಲಿ ಬೀಸಿದ ಹಳ್ಳಿಯ ಹಿಟ್ಟು, ಚಂದದ ಪೊಟ್ಟಣ, ಇಂದಿರಾಪುರಂನ ಎತ್ತರದ ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಭಾನುವಾರದ ಮಾರಾಟ. ಮಗಳ ಕೈಯಲ್ಲಿ ಪೊಟ್ಟಣದ ಚಿತ್ರವನ್ನೂ ಬರೆಸಿಕೊಂಡು ಹೋದೆ.

ಗಿರಣಿಯವಳು ಕೈ ಒರೆಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ದೀದಿ. ಆದರೆ ಕಲ್ಲೇ ಸರಿಯಿಲ್ಲ. ಇದರೊಳಗೆ ಏನು ತುಂಬಿಸಲಿ?"

ನನಗೆ ಮುಖ ಎತ್ತಲಾಗಲಿಲ್ಲ. ಇಷ್ಟು ದಿನದಲ್ಲಿ ನಿನಗೆ ಏನು ಬೇಕು ಎಂದು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಆಗ ಕೇಳಿದೆ.

"ಆ ಕಲ್ಲು ಕುಟ್ಟೋ ಚಾಚಾನನ್ನು ಹುಡುಕಿಕೊಡಿ. ನಿಮ್ಮ ಮನೆಯಲ್ಲಿ ಕಾರಿರಬೇಕಲ್ಲ" ಎಂದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಮುಳ್ಳು ಹಾಕುವವನನ್ನು ಹುಡುಕೋಕೆ ನಾನು ಡ್ರೈವರಾ?" ಎಂದರು. ಶನಿವಾರ ಸಂಜೆ ನೋಡಿದರೆ ಅವರೇ ಕಾರಿನ ಗಾಳಿ ಪರೀಕ್ಷಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಹಳ್ಳಿಯಿಂದ ಅವಳನ್ನು ಕರೆದುಕೊಂಡು ಹೊರಟೆವು. ಚಳಿಗಾಲದ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗಬೇಕಾಯಿತು. ಅವಳಿಗೆ ಗೊತ್ತಿದ್ದುದು ಮುದುಕ ಮಗಳ ಮನೆ ಸೇರಿದ್ದಾನೆ ಎನ್ನುವ ಸುದ್ದಿ, ಆ ಊರಿನ ಹೆಸರು, ಮನೆ ಇಟ್ಟಿಗೆ ಭಟ್ಟಿಯ ಹಿಂದೆ ಎನ್ನುವುದು, ಇಷ್ಟೇ. ಆ ಊರಿಗೆ ಮೂರು ಇಟ್ಟಿಗೆ ಭಟ್ಟಿಗಳಿದ್ದವು. ಮೂರನೆಯದರ ಹಿಂದೆ, ಗೋಡೆಯ ಬಿಸಿಲಿಗೆ ಮಂಚ ಹಾಕಿಕೊಂಡು ಅವನು ಕೂತಿದ್ದ.

ಅವಳನ್ನು ಧ್ವನಿಯಿಂದ ಗುರುತಿಸಿದ. ಕಣ್ಣಿನಿಂದಲ್ಲ.

"ಬಾ ಬಹೂ. ಕಲ್ಲು ಹೇಗಿದೆ?" ಎಂದ. ಸೊಸೆಯನ್ನು ಅಲ್ಲಿ ಬಹೂ ಎನ್ನುತ್ತಾರೆ. ಊರಿನ ಸೊಸೆಯರೆಲ್ಲ ಅವನಿಗೂ ಸೊಸೆಯರೇ.

"ಸತ್ತುಹೋಗಿದೆ ಚಾಚಾ. ಅದಕ್ಕೇ ಬಂದೆ."

ಅವನು ಎರಡೂ ಕೈಗಳನ್ನು ಮುಂದೆ ಚಾಚಿದ. ಕೈಯ ಹಿಂಭಾಗದ ಚರ್ಮದೊಳಗೆ ಕಪ್ಪು ಚುಕ್ಕೆಗಳು ತುಂಬಿದ್ದವು. ಇಡೀ ಆಯುಷ್ಯ ಸಿಡಿದ ಕಲ್ಲಿನ ಚೂರುಗಳು ಅಲ್ಲೇ ಉಳಿದುಬಿಟ್ಟಿದ್ದವು. ಕೈಗಳು ನಡುಗುತ್ತಿದ್ದವು. "ಕಣ್ಣು ಹೋಯಿತು, ಕೈಯೂ ಹೋಯಿತು. ನನ್ನ ಮಗ ಈ ಕೆಲಸ ಬೇಡ ಅಂದ, ಪೇಂಟರ್ ಆದ. ಇನ್ನು ಯಾರೂ ಇಲ್ಲ" ಎಂದ.

ಅವಳು ಮಂಚದ ಪಕ್ಕದ ನೆಲದಲ್ಲಿ ಕೂತಳು.

"ಹಾಗಾದರೆ ನನಗೆ ಕಲಿಸು."

ನಾನು ಗಂಡನ ಮುಖ ನೋಡಿದೆ. ದಾರಿಯುದ್ದಕ್ಕೂ ಅವಳು ಈ ಮಾತನ್ನು ಎತ್ತಿರಲಿಲ್ಲ. ಮುದುಕ ನಗಲಿಲ್ಲ. "ನಿನ್ನ ಮಾವ ಒಪ್ಪುತ್ತಾನಾ?" ಎಂದು ಮಾತ್ರ ಕೇಳಿದ.

"ಅವರಿಗೆ ಇರೋದು ನಾಲ್ಕು ಹಲ್ಲು. ಈ ಹಿಟ್ಟಿನ ರೊಟ್ಟಿ ಅಗಿಯೋಕಾಗದೆ ಹಾಲಿನಲ್ಲಿ ನೆನೆಸಿ ತಿಂತಾರೆ. ಒಪ್ಪದೆ ಎಲ್ಲಿಗೆ ಹೋಗ್ತಾರೆ?"

ಈಗ ಮುದುಕ ನಕ್ಕ. ಮಗಳನ್ನು ಕರೆದು ಒಳಗಿನಿಂದ ಉಳಿ ಸುತ್ತಿಗೆಗಳ ಚೀಲ ತರಿಸಿದ.

ಮಾವ ಸುಲಭಕ್ಕೆ ಒಪ್ಪಲಿಲ್ಲ. ಸೊಸೆ ಕಲ್ಲು ಕುಟ್ಟುತ್ತಾಳೆಂದರೆ ಊರು ಏನೆನ್ನುತ್ತದೆ ಎಂದು ಜಗಳವಾಡಿದ. ಆಮೇಲೆ ಮುದುಕನೇ ಕಾರಿನಿಂದ ಇಳಿದು ಬಂದಾಗ, ಹಳೆಯ ಗೆಳೆಯನ ಎದುರು ಕೂಗಾಡಲಾಗದೆ ಹುಕ್ಕಾ ತರಲು ಹೋದ. ನಾಲ್ಕು ಭಾನುವಾರ ನನ್ನ ಗಂಡ ಮುದುಕನನ್ನು ಕರೆತಂದು, ಮತ್ತೆ ಬಿಟ್ಟು ಬಂದರು. ಊರಿನವರು ಅವರನ್ನು ಫೌಜಿ ಸಾಹಬ್ ಎಂದು ಕರೆಯತೊಡಗಿದರು. ಇಬ್ಬರು ಮುದುಕರೂ ಅವರೂ ಚಹಾ ಕುಡಿಯುತ್ತಾ ಹಿಮದ ಗಡಿಗಳ ಕಥೆ ಮಾತಾಡಿದ್ದೇ ಮಾತಾಡಿದ್ದು.

ಮೇಲಿನ ಕಲ್ಲನ್ನು ಸರಪಳಿಯಿಂದ ಎತ್ತಿ ಮಗುಚಿ ಹಾಕಿದ ಮೇಲೆ ಪಾಠ ಶುರುವಾಗುತ್ತಿತ್ತು. ಮುದುಕ ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ನನ್ನ ಗಂಡನ ಹಳೆಯ ತಂಪು ಕನ್ನಡಕ ಹಾಕಿಕೊಂಡು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉಳಿ ಇಡುತ್ತಿದ್ದಳು. ಕಾಣದ ಮನುಷ್ಯ ಹೇಗೆ ಕಲಿಸುತ್ತಾನೆಂದು ನಾನು ಅಂದುಕೊಳ್ಳುತ್ತಿದ್ದೆ. ಅವನು ಕಿವಿಯಿಂದ ಕಲಿಸಿದ.

"ಇದು ಆಳ ಹೋಯಿತು... ಇದು ಸರಿ... ಇದು ಕಲ್ಲಿಗೆ ಬಿದ್ದಿಲ್ಲ, ಜಾರಿತು. ಸುತ್ತಿಗೆ ಎತ್ತಬೇಡ ಬಹೂ, ಬೀಳೋಕೆ ಬಿಡು."

ಎರಡನೆಯ ವಾರ ಅವಸರಪಟ್ಟು, ಅವನಿಲ್ಲದ ಒಂದು ದಿನ ಅವಳೊಬ್ಬಳೇ ಇಡೀ ಕಲ್ಲಿಗೆ ಮುಳ್ಳು ಹಾಕಿ ಗಿರಣಿ ಶುರು ಮಾಡಿದಳು. ಕಚ್ಚುಗಳು ಆಳವಾಗಿದ್ದವು, ಕಲ್ಲಿನ ಪುಡಿಯನ್ನು ಸರಿಯಾಗಿ ತೆಗೆದಿರಲಿಲ್ಲ. ಸಂಜೆಯ ಹೊತ್ತಿಗೆ ಅವತ್ತು ಗೋಧಿ ತಂದವರೆಲ್ಲರ ಮನೆಯ ರೊಟ್ಟಿಯಲ್ಲಿ ಮರಳು. ಮರುದಿನ ನಾನು ಹೋದಾಗ ಒಬ್ಬ ಹೆಂಗಸು ಗಿರಣಿಯ ಹೊಸ್ತಿಲ ಮೇಲೆ ರೊಟ್ಟಿಯೊಂದನ್ನು ಇಟ್ಟು, "ನೀನೇ ತಿಂದು ನೋಡು" ಎನ್ನುತ್ತಿದ್ದಳು. ಗಿರಣಿಯವಳು ಬಗ್ಗಿ ಅದನ್ನು ಎತ್ತಿಕೊಂಡು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಎಲ್ಲರ ಎದುರಿಗೆ ನಿಧಾನವಾಗಿ ಅಗಿದಳು. ಕರಕರ ಸದ್ದು ನನಗೂ ಕೇಳಿಸಿತು.

"ತಪ್ಪು ನಂದು ಅಕ್ಕಾ. ನಿಮ್ಮ ಗೋಧಿ ನಾನು ತುಂಬಿಕೊಡ್ತೀನಿ."

ಮಾವ ಒಳಗಿನಿಂದ ಬೈಯುತ್ತಲೇ ಇದ್ದ. ಅವಳು ಬಾಗಿಲು ಎಳೆದುಕೊಂಡಳು. ಮೂರು ದಿನ ಗಿರಣಿ ತೆರೆಯಲಿಲ್ಲ. ನಾನು ಅವಳನ್ನು ಹಳ್ಳಕ್ಕೆ ತಳ್ಳಿದೆನೇನೋ ಎಂದು ನನಗೆ ಭಯವಾಯಿತು. ಗಂಡನಿಗೆ ಹೇಳಿದರೆ, "ನೀನೆಲ್ಲಿ ತಳ್ಳಿದೆ? ಅವಳೇ ನಡೆದದ್ದು. ಭಾನುವಾರ ಬರಲಿ ಬಿಡು" ಎಂದರು.

ಭಾನುವಾರ ಮುದುಕ ಬಂದು ಕಲ್ಲಿನ ಮೇಲೆ ಅಂಗೈ ಆಡಿಸಿದ. ಅವನು ಬೈಯುತ್ತಾನೆಂದು ಅವಳು ತಲೆ ತಗ್ಗಿಸಿ ನಿಂತಿದ್ದಳು. "ನಾನು ಮೊದಲ ಸಲ ಹಾಕಿದಾಗ ಒಂದು ಮದುವೆ ಮನೆಯ ಹಿಟ್ಟೇ ಹಾಳಾಗಿತ್ತು. ನೀನು ಪರವಾಗಿಲ್ಲ" ಎಂದ. ಮತ್ತೆ ಮೊದಲಿನಿಂದ ಶುರು ಮಾಡಿಸಿದ. ಮುಗಿದ ಮೇಲೆ ಕಲ್ಲನ್ನು ತೊಳೆಸಿ, ಒಣಗಿಸಿ, ಮೊದಲು ಎರಡು ಮಣ ಜೋಳವನ್ನು ದನಕ್ಕೆಂದು ಬೀಸಿಸಿದ. ಆಮೇಲೆ ಗೋಧಿ. ಕೆಳಗೆ ಬೀಳುವ ಹಿಟ್ಟಿಗೆ ನಡುಗುವ ಕೈ ಒಡ್ಡಿದ.

"ಠಂಡಾ" ಎಂದ. ತಣ್ಣಗಿದೆ.

ಅವತ್ತು ಅವಳ ಮನೆಯಲ್ಲೇ ಎಲ್ಲರಿಗೂ ಊಟ. ಮಾವ ಹಾಲಿಲ್ಲದೆ ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ತಟ್ಟೆ ಚಾಚಿದ.

ಹೋಳಿ ಬಂತು, ಹೋಯಿತು. ಗಿರಣಿ ಮುಚ್ಚಲಿಲ್ಲ. ಪಟ್ಟಣಕ್ಕೆ ಹೋಗುತ್ತಿದ್ದವರು ಒಂದೇ ಸಲಕ್ಕೆ ಹಿಂದಿರುಗಲಿಲ್ಲ. ಮರಳು ರೊಟ್ಟಿಯ ನೆನಪು ಕೆಲವರಿಗೆ ಬಹಳ ದಿನ ಇತ್ತು. ಹೊಸ್ತಿಲ ಮೇಲೆ ರೊಟ್ಟಿ ಇಟ್ಟವಳೇ ಮೊದಲು ಬಂದಳು, ಅವಳು ಮೆಚ್ಚಿದ ಮೇಲೆ ಉಳಿದವರು. ಮೇ ತಿಂಗಳಲ್ಲಿ ಪಕ್ಕದ ಹಳ್ಳಿಯ ಗಿರಣಿಯವನು ಬಂದು ತನ್ನ ಕಲ್ಲಿಗೂ ಮುಳ್ಳು ಹಾಕಿಕೊಡಲು ಕೇಳಿದ. ಅವಳ ಗಂಡ ತನ್ನ ರಜೆಯ ದಿನ ಬೈಕಿನಲ್ಲಿ ಕರೆದೊಯ್ದ. ಅವಳು ಒಳಗೆ ಕೆಲಸ ಮಾಡುವಾಗ ಅವನು ಹೊರಗೆ ಕೂತು, ಕೇಳಿದವರಿಗೆಲ್ಲ ಕಲ್ಲಿನ ವಿಷಯ ವಿವರಿಸುತ್ತಿದ್ದನಂತೆ. ಅವನಿಗೆ ಅದರಲ್ಲಿ ಏನೂ ಗೊತ್ತಿಲ್ಲ ಎಂದು ಅವಳು ನಗುತ್ತಾ ಹೇಳಿದಳು.

ಕಚೇರಿಯವರನ್ನು ಒಂದು ದಿನ ನಾನೇ ಅಲ್ಲಿಗೆ ಕರೆದೊಯ್ದೆ. ಮೇಲಿನವರು ಹಿಟ್ಟನ್ನು ಮುಟ್ಟಿ ನೋಡಿದರು, ಮುಳ್ಳು ಹಾಕುವುದನ್ನು ನೋಡಿದರು. ವಾಪಸು ಬರುವಾಗ ಕಾರಿನಲ್ಲಿ, "ಮುಂದಿನ ಹಳ್ಳಿಗೆ ಹೋದಾಗ ಏನು ಕಲಿಸೋಣ ಅಂತ ಯೋಚಿಸೋ ಮೊದಲು, ಅಲ್ಲಿ ಯಾವ ಅಂಗಡಿ ಮುಚ್ಚೋ ಹಾಗಿದೆ ಅಂತ ಕೇಳಿ ಬನ್ನಿ" ಎಂದರು. ಮುಂದಿನ ಹಳ್ಳಿಯಲ್ಲಿ ಅದು ಪಂಪ್‌ಸೆಟ್ ರಿಪೇರಿಯವನದಾಗಿತ್ತು. ಅವನನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ, ಅವನು ಫರೀದಾಬಾದಿಗೆ ಹೋದ. ಎಲ್ಲವೂ ಗಿರಣಿಯ ಹಾಗೆ ಆಗುವುದಿಲ್ಲ.

ಹೋದ ಚಳಿಗಾಲದಲ್ಲಿ, ಬಹಳ ದಿನಗಳ ನಂತರ, ಗಂಡನೂ ನಾನೂ ಆ ಹಳ್ಳಿಗೆ ಹೋದೆವು. ಗಿರಣಿ ನಡೆಯುತ್ತಿತ್ತು, ಆದರೆ ಅವಳಿರಲಿಲ್ಲ. ಮಂಡಿಗೆ ಬಟ್ಟೆ ಸುತ್ತಿಕೊಂಡು ಮಾವನೇ ಗೋಧಿ ಸುರಿಯುತ್ತಿದ್ದ. ಪಕ್ಕದಲ್ಲಿ ದಲಿಯಾ ಎನ್ನುವ ಗೋಧಿ ನುಚ್ಚು ಒಡೆಯುವ ಇನ್ನೊಂದು ಸಣ್ಣ ಯಂತ್ರ ಬಂದಿತ್ತು. ನಮ್ಮನ್ನು ಕಂಡು ಮೋಟಾರು ನಿಲ್ಲಿಸಿ, ಮೂಟೆಯ ಮೇಲಿನ ಹಿಟ್ಟು ಕೊಡವಿ ಕೂರಿಸಿದ.

"ಏನು ಹೇಳಲಿ ಫೌಜಿ ಸಾಹಬ್, ಈ ವಯಸ್ಸಿನಲ್ಲಿ ನನ್ನನ್ನು ದುಡಿಸ್ತಾಳೆ" ಎಂದು ದೂರಿದ. ಅವಳು ಎಲ್ಲಿಗೆ ಹೋಗಿದ್ದಾಳೆ ಎಂದು ನಾನು ಕೇಳಿದೆ. ಅವನು ಬೆರಳು ಮಡಿಚುತ್ತಾ ಅವಳು ಕಲ್ಲು ನೋಡುವ ಹಳ್ಳಿಗಳ ಹೆಸರು ಹೇಳತೊಡಗಿದ. ಒಂದು ಕೈ ಮುಗಿಯಿತು. ಇನ್ನೊಂದು ಕೈಯಲ್ಲಿ ಎರಡನೆಯ ಬೆರಳಿಗೆ ಬಂದಾಗ ಒಂದು ಹೆಸರು ಮರೆತು, ತಡವರಿಸಿ, ಬಾಗಿಲಲ್ಲಿ ಗೋಧಿ ಚೀಲ ಹಿಡಿದು ನಿಂತಿದ್ದ ಮುದುಕಿಯನ್ನು ಕೇಳಿದ. ಅವಳು ಹೇಳಿಕೊಟ್ಟಳು. ಅವನು ಮುಂದುವರಿಸಿದ.